ವೈಟಮಿನ್ ಪಟ್ಟಿ

ಆ ಶುಕ್ರವಾರ ಅಡ್ಯಾರಿನ ಆ ಮನೆಯಲ್ಲಿ ಯಾರಿಗೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಂಜೆ ತಮ್ಮನ ಮೊಮ್ಮಗಳ ರಿಸೆಪ್ಷನ್ನಿಗೆ ತಾನೂ ಬರುತ್ತೇನೆ ಎಂದು ಅಮ್ಮಣ್ಣಿ ಘೋಷಿಸಿಬಿಟ್ಟಿದ್ದರು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ಸೆರಗು ಕಚ್ಚಿಕೊಂಡು ದಿನ ನೂಕುತ್ತಿದ್ದ ಹೆಂಗಸು ಬೆಳಿಗ್ಗೆ ತಾನಾಗಿಯೇ ಎದ್ದು ಕೂತು, ಮಾವಿನಕಾಯಿ ಬಣ್ಣದ ಸೀರೆ ಎಲ್ಲಿದೆ ಎಂದು ಕೇಳಿದರೆ ಸುಮ್ಮನಿರಲಾಗುತ್ತದೆಯೇ? ಸೊಸೆ ತೃಪ್ತಿ ಆ ಕ್ಷಣವೇ ಆಫೀಸಿಗೆ ರಜೆ ಹಾಕಿದಳು. ಸೀರೆಯ ರವಿಕೆ ಈಗ ಅತ್ತೆಯ ಮೈಮೇಲೆ ಜೋತುಬೀಳುತ್ತಿದ್ದುದರಿಂದ ಅದನ್ನು ಹಿಡಿಸಲು ಬೆಳಿಗ್ಗೆಯೇ ಟಿ. ನಗರದ ಟೈಲರನಿಗೆ ಕಳಿಸಿದ್ದಾಗಿತ್ತು. ಮಧ್ಯಾಹ್ನ ಅದನ್ನು ತರಲು ಅವಳು ಹುಡುಗಿಯ ಹಾಗೆ ಮೆಟ್ಟಿಲಿಳಿದು ಓಡಿದಳು.

ಇಷ್ಟಕ್ಕೆಲ್ಲ ಕಾರಣ ಅಮ್ಮಣ್ಣಿಯ ಬಲಭುಜದ ಹಿಂದೆ ಅಂಟಿಸಿದ್ದ ಒಂದು ತೆಳ್ಳನೆಯ ಪಟ್ಟಿ. ಫೆಂಟನಿಲ್ ಅದರ ಹೆಸರು. ಚರ್ಮದ ಮೂಲಕ ನಿಧಾನವಾಗಿ ಒಳಗೆ ಇಳಿದು ನೋವನ್ನು ತಡೆಯುವ, ಅಫೀಮಿನ ಜಾತಿಗೆ ಸೇರಿದ ಮದ್ದು. ಅದನ್ನು ಬರೆಸಿಕೊಳ್ಳಲು ನೋವಿನ ಕ್ಲಿನಿಕ್ಕಿಗೆ ತಿರುಗಿದವಳೂ ಗಂಡನ ಜೊತೆ ಜಗಳವಾಡಿದವಳೂ ತೃಪ್ತಿಯೇ. ಗಂಡ ಮಧ್ವರಾಜನ ಹೆದರಿಕೆ ಸುಳ್ಳೇನಲ್ಲ. ಅವನ ಬ್ಯಾಂಕಿನ ಸಹೋದ್ಯೋಗಿ ಹರಿದಾಸರ ಮಗ ಸಂದೇಶ್ ಮಂಡಿನೋವಿಗೆಂದು ಯಾರೋ ಕಳ್ಳತನದಲ್ಲಿ ಮಾರುವ ಇದೇ ಜಾತಿಯ ಮಾತ್ರೆ ಶುರು ಮಾಡಿ, ಆಮೇಲೆ ಅದನ್ನೇ ಕರಗಿಸಿ ಸೂಜಿಯಲ್ಲಿ ಏರಿಸಿಕೊಂಡು, ಹಾಸ್ಟೆಲಿನ ಕೋಣೆಯಲ್ಲಿ ಸತ್ತುಹೋಗಿದ್ದ. ಮಗ ಗೊರಕೆ ಹೊಡೆಯುತ್ತಿದ್ದನಂತೆ, ಒಳ್ಳೆಯ ನಿದ್ದೆ ಎಂದು ಜೊತೆಯ ಹುಡುಗರು ಎಬ್ಬಿಸಲಿಲ್ಲವಂತೆ ಎಂದು ಹರಿದಾಸರು ಹೇಳಿಕೊಂಡು ಅತ್ತದ್ದನ್ನು ತೃಪ್ತಿಯೂ ಕೂತು ಕೇಳಿದ್ದಳು.

ಕೊನೆಗೆ ಮಧ್ವರಾಜ ಒಪ್ಪಿದ. ಆದರೆ ಒಂದು ಷರತ್ತಿನ ಮೇಲೆ. ಈರುಳ್ಳಿ ಬೆಳ್ಳುಳ್ಳಿಯನ್ನೇ ಒಳಗೆ ಬಿಡದ ಮನೆಗೆ ಅಫೀಮು ಬಂತು ಎಂದು ನೆಂಟರು ಆಡಿಕೊಳ್ಳಬಾರದು, ಯಾರು ಕೇಳಿದರೂ ಅದು ವೈಟಮಿನ್ ಪಟ್ಟಿ. ತೃಪ್ತಿಗೆ ನಗು ಬಂದರೂ ಹೂಂ ಅಂದಿದ್ದಳು. ಮದುವೆಗೆಂದು ಕುಂಭಕೋಣದಿಂದ ಬಂದಿಳಿದ ಅತ್ತೆಯ ತಂಗಿ ಸಣ್ಣಮ್ಮನಿಗೂ ಅದನ್ನೇ ಹೇಳಿದ್ದಾಯಿತು. ಸಣ್ಣಮ್ಮ ಪಟ್ಟಿಯನ್ನು ಮುಟ್ಟಿ ನೋಡಿ, ಈ ಕಾಲದಲ್ಲಿ ಏನೇನೆಲ್ಲ ಬಂದಿದೆ ಎಂದು ಮೆಚ್ಚಿಕೊಂಡರು.

ಟಿ. ನಗರದಲ್ಲಿ ಮುಹೂರ್ತದ ಸೀಸನ್ನಿನ ಜಾತ್ರೆ. ಟೈಲರನ ಅಂಗಡಿಯ ಮುಂದೆ ನಿಂತು, ರವಿಕೆಯ ತೋಳು ನೋಡಿ ಖುಷಿಪಡುತ್ತ ತೃಪ್ತಿ ಅತ್ತೆಯ ಮೊಬೈಲಿಗೆ ಫೋನ್ ಹಚ್ಚಿದಳು. ಎತ್ತಿಕೊಂಡವರು ಸಣ್ಣಮ್ಮ. ಅವರ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. ಶುಕ್ರವಾರ, ಅದೂ ಮದುವೆಮನೆಗೆ ಹೋಗುವ ದಿನ, ಅಕ್ಕನಿಗೆ ಎಣ್ಣೆಸ್ನಾನ ಬೇಡವೇ ಎಂದು ತೃಪ್ತಿ ಅತ್ತ ಹೋದಮೇಲೆ ಅವರೇ ಬಚ್ಚಲಲ್ಲಿ ಕೂರಿಸಿದ್ದರು. ಹರಳೆಣ್ಣೆ ತಿಕ್ಕಿ, ಹೊಗೆಯಾಡುವ ನೀರನ್ನು ಮೈ ಕೆಂಪಾಗುವವರೆಗೆ ಹೊಯ್ದಿದ್ದರು. ಪಟ್ಟಿಗೆ ಮಾತ್ರ ಎಣ್ಣೆ ಸೋಕಿಸಿರಲಿಲ್ಲ. ಅದರ ಅಂಚು ಏಳುತ್ತಿದೆ ಅನಿಸಿದ್ದಕ್ಕೆ, ಚೆನ್ನಾಗಿ ಅಂಟಿಕೊಳ್ಳಲೆಂದು ಬಿಸಿನೀರಿನ ಚೀಲವನ್ನು ಒತ್ತಿ ಮಲಗಿಸಿದ್ದರು.

"ಎಣ್ಣೆನೀರಿನ ನಿದ್ದೆ ಅಂದ್ರೆ ಇದು ಕಣೇ. ಹೇಗೆ ಗೊರಕೆ ಹೊಡೀತಿದಾಳೆ ಗೊತ್ತಾ, ಪಾಪ. ಎಬ್ಬಿಸ್ಬೇಡ, ಹಾಯಾಗಿ ಮಲಗಲಿ."

ತೃಪ್ತಿಯ ಕೈಯಿಂದ ರವಿಕೆ ಕೆಳಗೆ ಬಿತ್ತು. ಅಮ್ಮಣ್ಣಿ ಜನ್ಮದಲ್ಲಿ ಗೊರಕೆ ಹೊಡೆದವರಲ್ಲ. ಪಟ್ಟಿಯ ಮೇಲೆ ಬಿಸಿ ತಾಗಿಸಲೇಬೇಡಿ, ಬಿಸಿ ತಾಗಿದರೆ ಮದ್ದು ಒಮ್ಮೆಲೇ ಒಳಗೆ ನುಗ್ಗಿ ಉಸಿರನ್ನೇ ಅಡಗಿಸುತ್ತದೆ ಎಂದು ಕ್ಲಿನಿಕ್ಕಿನ ನರ್ಸ್ ಅತ್ತೆಯನ್ನೂ ಅವಳನ್ನೂ ಕೂರಿಸಿಕೊಂಡು ಹೇಳಿದ್ದಳು. ಮನೆಗೆ ಬಂದು ತೃಪ್ತಿ ಅದನ್ನು ಗಂಡನಿಗೂ ತಿಳಿಸಿದ್ದಳು. ಹರಿದಾಸರ ಮಗನ ನಿದ್ದೆಯೂ ಹೀಗೇ ಇತ್ತಲ್ಲವೇ?

ಅಕ್ಷಯಾಗೆ ಫೋನ್ ಕೊಡಿ ಎಂದಳು. ಪ್ಲಸ್ ಟೂ ಓದುವ ಮಗಳು ಫೋನ್ ತೆಗೆದುಕೊಳ್ಳುವಷ್ಟರಲ್ಲಿ ತೃಪ್ತಿ ಬೀದಿಗೆ ಬಂದು, ಯಾರೋ ಹತ್ತಲಿದ್ದ ಆಟೋದೊಳಗೆ ತಾನು ನುಗ್ಗಿ ಕೂತಿದ್ದಳು. ಹತ್ತಬೇಕಾಗಿದ್ದವನು ಬೈದದ್ದು ಅವಳಿಗೆ ಕೇಳಿಸಲೇ ಇಲ್ಲ.

"ಪಾಟಿ ಭುಜ ಹಿಡಿದು ಅಲ್ಲಾಡಿಸು. ಜೋರಾಗಿ ಕೂಗು."

"ಅಮ್ಮಾ, ಪಾಟಿ ಕಣ್ಣೇ ತೊರಕ್ಕಲ," ಎಂದಳು ಮಗಳು. ಅಜ್ಜಿ ಕಣ್ಣೇ ತೆರೆಯುತ್ತಿಲ್ಲ, ತುಟಿ ಒಂಥರಾ ನೀಲಿಯಾಗಿದೆ ಎಂದು ತಮಿಳಿನಲ್ಲೇ ಅಳತೊಡಗಿದಳು.

ಅಳು ಆಮೇಲೆ ಎಂದು ಗದರಿಸಿ, ತೃಪ್ತಿ ಒಂದೊಂದಾಗಿ ಹೇಳಿದಳು. ಬಿಸಿನೀರಿನ ಚೀಲ ಎಸೆ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಪಟ್ಟಿ ಕಿತ್ತು ಮಡಚಿಡು. ಆ ಜಾಗವನ್ನು ತಣ್ಣೀರಿನಿಂದ ಒರೆಸು, ಸೋಪು ಹಾಕಬೇಡ. ಚಿಕ್ಕಜ್ಜಿಯ ಫೋನಿನಿಂದ ನೂರೆಂಟಕ್ಕೆ ಹೇಳು, ಅಪ್ಪನನ್ನು ಕರೆ. ಪಾಟಿ ಉಸಿರು ಬಿಡುವುದನ್ನೇ ನೋಡುತ್ತಿರು, ಒಂದು ಉಸಿರು ತಡವಾದರೂ ಚಿವುಟು, ಕೂಗು, ನಿದ್ದೆಗೆ ಮಾತ್ರ ಬಿಡಬೇಡ. ಹುಡುಗಿ ಬಿಕ್ಕುತ್ತಲೇ ಎಲ್ಲ ಮಾಡಿದಳು. ಫೋನಿನೊಳಗಿನಿಂದ "ಪಾಟಿ, ಮೂಚ್ಚು ವಿಡು, ಉಸಿರು ಬಿಡು" ಎಂದು ಎರಡು ಭಾಷೆಯಲ್ಲಿ ಕೂಗುವುದು ಕೇಳುತ್ತಲೇ ಇತ್ತು. ನಂದನಂ ಸಿಗ್ನಲ್ಲಿನಲ್ಲಿ ಆಟೋದವನು ಆ ಕೂಗು ಕೇಳಿ ಹಿಂತಿರುಗಿ ನೋಡಿ, ಏನೂ ಕೇಳದೆ ಹಾರ್ನ್ ಮೇಲೆ ಕೈಯಿಟ್ಟು ಬಸ್ಸುಗಳ ಸಂದಿಯಲ್ಲಿ ನುಗ್ಗಿಸಿದ.

ಕೋಟೂರ್ಪುರಂ ಸೇತುವೆಯ ಮೇಲೆ ಬರುವಾಗ ಫೋನಿನಲ್ಲಿ ಗಂಡಸರ ದನಿ ಕೇಳಿಸಿತು. ಮಧ್ವರಾಜ ಬ್ಯಾಂಕಿನಿಂದ ಓಡಿಬಂದಿದ್ದ, ಆಂಬುಲೆನ್ಸೂ ಬಂದಿತ್ತು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿದೆಯಲ್ಲ, ಇವರು ಏನು ತೆಗೆದುಕೊಂಡಿದ್ದಾರೆ ಎಂದು ಆಂಬುಲೆನ್ಸಿನವನು ಕೇಳುತ್ತಿದ್ದ. ಬಾಗಿಲಲ್ಲಿ ಅಕ್ಕಪಕ್ಕದವರು ಸೇರಿದ್ದರು, ಸಣ್ಣಮ್ಮ ಪಕ್ಕದಲ್ಲೇ ನಿಂತಿದ್ದರು. ಮಧ್ವರಾಜನ ನಾಲಿಗೆಗೆ ರೂಢಿಯಾದದ್ದೇ ಬಂತು. ಬಿ.ಪಿ. ಮಾತ್ರೆ, ಆಮೇಲೆ ಒಂದು ವೈಟಮಿನ್ ಪಟ್ಟಿ ಎಂದ.

ತೃಪ್ತಿಗೆ ಮೈ ಉರಿದುಹೋಯಿತು. ಸ್ಪೀಕರ್ ಹಾಕು ಅಕ್ಷಯಾ ಎಂದು ಅರಚಿ, ಇಡೀ ಮನೆಗೆ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದಳು. ಅದು ವೈಟಮಿನ್ ಅಲ್ಲ, ಫೆಂಟನಿಲ್. ಅಫೀಮಿನ ಜಾತಿ. ಬಿಸಿನೀರು ತಾಗಿ ಜಾಸ್ತಿ ಏರಿದೆ. ಆ ಕ್ಷಣವೇ ಆಂಬುಲೆನ್ಸಿನವನು ಆಸ್ಪತ್ರೆಗೆ ಫೋನ್ ಮಾಡಿ, ಅಫೀಮಿನ ಅಮಲು ಇಳಿಸುವ ನಲೋಕ್ಸೋನ್ ಇಂಜೆಕ್ಷನ್ ಸಿದ್ಧವಿಡಿ ಎಂದು ಹೇಳುವುದು ಕೇಳಿಸಿತು. ಅವಳು ಆಟೋವನ್ನು ಆಸ್ಪತ್ರೆಯ ಕಡೆ ತಿರುಗಿಸಲು ಹೇಳಿದಳು.

ಅವಳು ಎಮರ್ಜೆನ್ಸಿಯೊಳಗೆ ಓಡಿದಾಗ ಅಮ್ಮಣ್ಣಿಯ ಮುಖಕ್ಕೆ ಮಾಸ್ಕ್ ಇಟ್ಟು, ಗಾಳಿಚೀಲ ಅದುಮಿ ಉಸಿರು ತುಂಬುತ್ತಿದ್ದರು. ಇಂಜೆಕ್ಷನ್ ಆಗಲೇ ಒಳಗೆ ಹೋಗಿತ್ತು. ತೃಪ್ತಿ ಅತ್ತೆಯ ಪಾದ ಹಿಡಿದು ನಿಂತಳು. ಮೊದಲು ಹೊಟ್ಟೆ ಏರಿತು, ಇಳಿಯಿತು, ಮತ್ತೆ ಏರಿತು. ತುಟಿಗೆ ಬಣ್ಣ ಬಂತು. ಆಮೇಲೆ ಅಮ್ಮಣ್ಣಿ ಕಣ್ಣು ಬಿಟ್ಟು, ಅಮ್ಮಾ ಎಂದು ನರಳಿದರು. ಉಸಿರಿನ ಜೊತೆ ನೋವೂ ಪೂರ್ತಿ ವಾಪಸು ಬಂದಿತ್ತು. ಆ ನರಳಿಕೆ ಕೇಳಿ ತೃಪ್ತಿ ಸಂತೋಷ ತಾಳಲಾರದೆ ನಕ್ಕಳು, ನಗುತ್ತ ಅತ್ತಳು.

ಮದ್ದಿನ ಪ್ರಭಾವ ಇನ್ನೂ ಇಳಿಯಬೇಕು, ಒಂದು ದಿನ ಇಲ್ಲೇ ನೋಡಿಕೊಳ್ಳುತ್ತೇವೆ, ಆಮೇಲೆ ಬೇಕಾದರೆ ಅಳತೆ ನೋಡಿ ಮತ್ತೆ ಪಟ್ಟಿ ಹಾಕಬಹುದು ಎಂದು ಡಾಕ್ಟರ್ ಹೇಳಿ ಹೋದರು. ಮಧ್ವರಾಜ ಹೆಂಡತಿಯ ಕಡೆ ತಿರುಗಿದ. ಆ ಪಿಶಾಚಿ ಇನ್ನು ನಮ್ಮ ಹೊಸಿಲು ದಾಟುವುದು ಬೇಡ, ನಾನು ಮೊದಲೇ ಹೇಳಿದ್ದೆ, ಅಮ್ಮನನ್ನು ಕೊಂದುಬಿಡುತ್ತಿದ್ದೆ ನೀನು ಎಂದ. ಪಟ್ಟಿ ಅಂಟಿಸಿದ ಕೈ ತೃಪ್ತಿಯದೇ ಆಗಿತ್ತು.

ಅಮ್ಮಣ್ಣಿ ಹಲ್ಲು ಕಚ್ಚಿಕೊಂಡೇ ಮಗನನ್ನು ಹತ್ತಿರ ಕರೆದರು.

"ಅವಳನ್ನ ಬೈಬೇಡ. ಸಣ್ಣಮ್ಮ ಸುಡುಸುಡು ನೀರು ಹೊಯ್ಯುವಾಗ ನಾನೇ ಬೇಡ ಅಂದೆ. ಯಾಕೆ ಬೇಡ, ವೈಟಮಿನ್‌ಗೆ ನೀರು ಬಿದ್ರೆ ಏನಾಗತ್ತೆ ಅಂತ ಕೇಳಿದಳು. ನಾನೇನು ಹೇಳ್ಲಿ ಮಧ್ವಾ? ಯಾರಿಗೂ ಹೇಳಬೇಡ ಅಂದಿದ್ಯಲ್ಲಪ್ಪಾ ನೀನು."

ಹೊರಗಿನ ವರಾಂಡದಲ್ಲಿ ಸಣ್ಣಮ್ಮ, ಅಕ್ಕನನ್ನು ನಾನೇ ಕೊಂದುಬಿಡುತ್ತಿದ್ದೆನಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಸುದ್ದಿ ಕೇಳಿ ಮದುವೆಮನೆಯಿಂದ ಓಡಿಬಂದ ನೆಂಟರು ರೇಷ್ಮೆಸೀರೆಗಳಲ್ಲೇ ಸುತ್ತ ನಿಂತು, ಎಣ್ಣೆಸ್ನಾನದಿಂದ ಹೀಗಾಗುತ್ತದೆಯೇ ಎಂದು ಪಿಸುಗುಟ್ಟುತ್ತಿದ್ದರು. ಮಧ್ವರಾಜ ಅಲ್ಲಿಗೆ ಹೋಗಿ ಚಿಕ್ಕಮ್ಮನ ಎರಡೂ ಕೈ ಹಿಡಿದುಕೊಂಡು ನೆಲದ ಮೇಲೆ ಕೂತ. ಪಟ್ಟಿಯ ಹೆಸರು ಹೇಳಿದ, ಅದು ಅಫೀಮಿನ ಜಾತಿ ಎಂದ, ಅಮ್ಮನ ನೋವಿಗೆ ಅದು ಬೇಕು ಎಂದ, ಅದರ ಹತ್ತಿರ ಬಿಸಿ ಸುಳಿಯಬಾರದೆಂದು ನನಗೆ ಗೊತ್ತಿದ್ದೂ ಮುಚ್ಚಿಟ್ಟೆ ಎಂದ. ನೆಂಟರಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಅವನು ಅವರ ಕಡೆ ತಿರುಗಿ, ಮೊದಲಿನಿಂದ ಇನ್ನೊಮ್ಮೆ ಹೇಳಿದ.