ವೆಂಕಟರತ್ನಮ್ಮನ ಕಾಸಿನ ಸರಕ್ಕೆ ಎಷ್ಟು ವಿಮೆ?

ಚಿಂತಾಮಣಿಯ ತಗ್ಗಿನ ಬೀದಿಯೊಂದರಲ್ಲಿ ವೆಂಕಟರತ್ನಮ್ಮನ ಬಾಡಿಗೆ ಮನೆ. ಹೋದ ಮಳೆಗಾಲದಲ್ಲಿ ಚರಂಡಿ ಉಕ್ಕಿ ನೀರು ನಡುಮನೆಗೇ ಬಂತು. ಗಂಡ ಹೆಂಡತಿ ಹೊಲಿಗೆ ಮಿಷಿನ್ನನ್ನು ಮಂಚದ ಮೇಲೆ ಕೂರಿಸಿ, ತಾವು ಮಾತ್ರ ನೀರಲ್ಲೇ ನಿಂತಿದ್ದರು. ಬ್ಲೌಸ್ ಹೊಲಿದೇ ಆ ಮನೆಯ ಒಲೆ ಉರಿಯಬೇಕು. ಮಿಷಿನ್ ಹೋದರೆ ಊಟವೂ ಹೋದ ಹಾಗೆ. ಅದಕ್ಕೇ ಈ ಸಲ ಮಳೆಗೆ ಮುಂಚೆಯೇ ವೆಂಕಟರತ್ನಮ್ಮ ವಿಮೆ ಮಾಡಿಸುವ ಸಂಘಮಿತ್ರಳನ್ನು ಕರೆಸಿದಳು.

"ಮನೆ ಓನರ್‌ದು. ವಿಮೆ ನಾವ್ಯಾಕೆ ಕಟ್ಟಣ?" ಎಂದ ಗಂಡ ಚನ್ನಕೇಶವ.

"ಗೋಡೆ ಓನರ್‌ದು ಅಣ್ಣ. ಒಳಗಿರೋ ಮಿಷಿನ್ನು, ಫ್ರಿಜ್ಜು, ಟೀವಿ ನಿಮ್ದಲ್ವಾ? ಹಾಳಾದ್ರೆ ಅವರು ಕೊಡ್ತಾರಾ?"

"ಸುಣ್ಣ ಹೊಡ್ಸೋಕೇ ಕೊಡಲ್ಲ ಬಿಡಮ್ಮ. ಸರಿ, ಎಷ್ಟಾಗುತ್ತೆ ಹೇಳು."

"ಒಬ್ಬೊಬ್ರಿಗೆ ಒಂದೊಂಥರ ಅಣ್ಣ. ಸಾಮಾನು ಎಷ್ಟು ಬೆಲೇದು, ಮನೆ ತಗ್ಗಲ್ಲಿದೆಯಾ ಮಹಡಿ ಮೇಲಾ, ಹಿಂದೆ ಪರಿಹಾರ ತಗೊಂಡಿದ್ದೀರಾ, ಎಲ್ಲಾ ನೋಡ್ತಾರೆ. ಕಳ್ಳತನಕ್ಕೂ ಸೇರ್ಸಿದ್ರೆ ಇನ್ನಷ್ಟು. ಬೀಗ ಗಟ್ಟಿ ಇದೆ ತಾನೆ?"

ಹಿಂಬಾಗಿಲ ಮುರಿದ ಚಿಲಕವನ್ನು ಬ್ಲೌಸ್ ಪೀಸಿನಿಂದ ಕಟ್ಟಿದ್ದರು. ಚನ್ನಕೇಶವ ಮೆಲ್ಲಗೆ ಅದಕ್ಕೆ ಅಡ್ಡ ನಿಂತ.

"ಒಡವೆ ಇದೆಯಾ ಅಕ್ಕ?"

ಇಲ್ಲಿ ಕೆಟ್ಟಿತು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆ ಗಂಗುಲಮ್ಮ ಅಲ್ಲೇ ತಳವೂರಿದ್ದಳು. ತನ್ನ ಕಾಸಿನ ಸರ ತವರಿನ ಅಪ್ಪಟ ಚಿನ್ನವೆಂದು ವೆಂಕಟರತ್ನಮ್ಮ ಬೀದಿಗೆಲ್ಲ ಹೇಳಿಕೊಂಡಿದ್ದಳು.

"ಇದೆ... ಕಾಸಿನ ಸರ."

"ಬಳೆ ಮರ್ತ್ಯಲ್ಲೇ!" ಎಂದಳು ಗಂಗುಲಮ್ಮ.

"ಹೂಂ. ಬಳೇನೂ."

ಸಂಘಮಿತ್ರ ಫೋನಿನಲ್ಲಿ ಲೆಕ್ಕ ಹಾಕಿ ತೋರಿಸಿದಳು. "ಒಡವೆಗೆ ಬೇರೆ ಪ್ರೀಮಿಯಂ ಅಕ್ಕ. ಬಿಲ್ಲೂ ಬೇಕಾಗುತ್ತೆ."

ಚನ್ನಕೇಶವ ಕಣ್ಣು ಕಣ್ಣು ಬಿಟ್ಟ. "ಬೇಡವೇ ಬೇಡ! ನೀರು ಬಂದ್ರೆ ಮತ್ತೆ ಮಿಷಿನ್ ಎತ್ಕೊಂಡು ನಿಲ್ತೀನಿ."

"ನೀನು ಮನೇಲಿಲ್ದಾಗ ಬಂದ್ರೆ?" ಎಂದಳು ವೆಂಕಟರತ್ನಮ್ಮ. ಅವಳಿಗೆ ಅಳುವೇ ಬಂದಿತ್ತು. ಮಿಷಿನ್ ನೋಡಿದಳು, ಗಂಗುಲಮ್ಮನನ್ನು ನೋಡಿದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟಳು. "ಒಂದು ಗ್ರಾಂ ಗೋಲ್ಡ್ ಕಣಮ್ಮ, ಮೇಲೆ ಬರೀ ಚಿನ್ನದ ನೀರು! ಸರಾನೂ ಅದೇ, ಬಳೇನೂ ಅದೇ. ತೆಗ್ದಾಕು!"

"ನಿಜಂಗಾ?" ಗಂಗುಲಮ್ಮ ತನ್ನ ಸರವನ್ನು ಸೆರಗಿನಿಂದ ಈಚೆ ತೆಗೆದಳು. "ಎಲ್ಲಿ ತಗೊಂಡ್ಯೇ? ನಂದು ಯುಗಾದಿಗೇ ಕಪ್ಪಾಯ್ತು."

ಎಲ್ಲರೂ ನಕ್ಕುಬಿಟ್ಟರು. ಒಡವೆ ತೆಗೆದ ಮೇಲೆ ಲೆಕ್ಕ ಎಷ್ಟೋ ಇಳಿಯಿತು. ಚನ್ನಕೇಶವನಿಗೆ ಹುರುಪು ಬಂತು.

"ಮನೆ ಮೂರನೇ ಮಹಡೀಲಿದೆ ಅಂತ ಬರ್ಕೊಳಮ್ಮ. ಇನ್ನೂ ಇಳೀಲಿ!"

"ಸುಳ್ಳು ಬರ್ಸಿದ್ರೆ ನಷ್ಟ ಆದಾಗ ದುಡ್ಡೇ ಬರಲ್ಲ ಅಣ್ಣ. ಮಿಷಿನ್ ದುಡಿಮೇದು ಅಂತಾನೂ ಹೇಳ್ಲೇಬೇಕು. ಮನೆ ಸಾಮಾನಿನ ಲೆಕ್ಕಕ್ಕೆ ಅದು ಬರಲ್ಲ, ಬೇರೆಯಾಗಿ ಸೇರಿಸ್ಬೇಕಾಗುತ್ತೆ."

ಚನ್ನಕೇಶವ ಒಪ್ಪಿದ. ಮಿಷಿನ್ನಿಗೂ ಸೇರಿಸಿಯೇ ವಿಮೆ ಆಯಿತು. ಸಂಜೆ ಅವನೇ ಹೋಗಿ ಹಿಂಬಾಗಿಲಿಗೆ ಹೊಸ ಬೀಗ ತಂದ. ಗಂಗುಲಮ್ಮ ಮಜ್ಜಿಗೆ ಮರೆತು, ಸಂಘಮಿತ್ರಳನ್ನು ಕೈಹಿಡಿದು ತನ್ನ ಮನೆಗೆ ಕರೆದೊಯ್ದಳು.

ಬಾಡಿಗೆ ಮನೆಯ ಅಕ್ಕಂದಿರೇ, ಅಣ್ಣಂದಿರೇ, ಮಳೆ ಬರುವ ಮೊದಲು ನಿಮ್ಮ ಸಾಮಾನಿನ ಬೆಲೆ ಒಮ್ಮೆ ಕೂತು ಯೋಚಿಸಿ. ಎರಡು ಮೂರು ಕಂಪನಿಗಳಲ್ಲಿ ವಿಚಾರಿಸಿ. ಯಾವುದಕ್ಕೆ ಪರಿಹಾರ ಸಿಗುತ್ತದೆ, ಯಾವುದಕ್ಕಿಲ್ಲ ಎಂದು ಬಾಯಿಬಿಟ್ಟು ಕೇಳಿ. ಪಕ್ಕದ ಮನೆಯವರಿಗೆ ಏನು ಹೇಳಿಕೊಂಡಿದ್ದೀರೋ ಅದು ನಿಮಗೆ ಬಿಟ್ಟದ್ದು. ವಿಮೆಯವರಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೇ ಹೇಳಿ.