ಬಿಳಿಯ ಮೇಲೆ ಬಿಳಿ

ಅತ್ತೆ, ಅಂದರೆ ಅಪ್ಪನ ತಂಗಿ, ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಅವರ ಪಾದಗಳು ಊದಿಕೊಂಡಿದ್ದವು. ಕುರ್ಚಿ ಎಳೆಯುವ ಮೊದಲೇ ತಮ್ಮ ಹಳೆಯ ಫೋನನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಆಸ್ಪತ್ರೆ ವೆಬ್‌ಸೈಟು ನೀವು ಮಾಡಿದ್ದೇ ತಾನೇ? ನಾಳೆ ಡಯಾಲಿಸಿಸ್‌ಗೆ ಇದರಲ್ಲೇ ಬುಕ್ ಮಾಡ್ಬೇಕಂತೆ, ಸಂಜೆಯೊಳಗೆ. ಎಲ್ಲಿದೆಯೇ ಒತ್ತೋದು? ಉಜ್ಜಿ ಉಜ್ಜಿ ಬೆರಳು ಸವೀತು."

ಹೆಸರು, ತಾರೀಖು ಎಲ್ಲ ಕಾಣುತ್ತಿತ್ತು. ಕೆಳಗೆ ಬರೀ ಬಿಳಿ. ಬಟನ್ ಅಲ್ಲೇ ಇತ್ತು. ಅದರ ಅಕ್ಷರ ಬಿಳಿ, ಅಕ್ಷರದ ಹಿಂದೆ ನೀಲಿ ಇರಬೇಕಿತ್ತು. ಆ ನೀಲಿಯನ್ನು ನಾನು ಕೋಡ್‌ನಲ್ಲಿ ಎರಡು ಸಲ ಬರೆದಿದ್ದೆ: ಹಳೆಯ ಬ್ರೌಸರ್‌ಗಳಿಗೆ ಅರ್ಥವಾಗುವ ಸಾದಾ ನೀಲಿ, ಹೊಸವಕ್ಕೆ ಹೊಸ ರೀತಿಯ ನೀಲಿ. ಸಾದಾ ನೀಲಿಯ ಸಾಲು ಮಾಯವಾಗಿತ್ತು; ಹಳೆಯ ಫೋನಿನಲ್ಲಿ ಉಳಿದದ್ದು ಬಿಳಿಯ ಮೇಲೆ ಬಿಳಿ ಅಕ್ಷರ.

"ಯಾರು ತೆಗೆದಿದ್ದು?"

"ನಾನೇ," ಎಂದ ಪಕ್ಕದ ಮೇಜಿನ ಡಿಸೈನರ್, ತಲೆ ಎತ್ತದೆ. "ಒಂದೇ ಬಣ್ಣ ಎರಡೆರಡು ಸಲ ಯಾಕೆ? ಕೋಡ್ ಸರಳವಾಗಿರ್ಬೇಕು."

"ಯಾರಿಗೆ ಸರಳ? ಕೋಡ್ ಓದೋನು ನೀನು, ಬಟನ್ ಒತ್ತೋರು ಇವರು. ಹಳೇ ಫೋನಲ್ಲಿ ಒಂದ್ಸಲ ತೆಗೆದು ನೋಡಿದ್ಯಾ?"

"ಹಳೇ ಫೋನ್ ಎಲ್ಲಿದೆ ನಮ್ಮಲ್ಲಿ?"

ಅದೂ ನಿಜ. ಪರೀಕ್ಷೆಗೆಂದು ಇಟ್ಟಿದ್ದ ಫೋನುಗಳನ್ನೆಲ್ಲ ಮಾಲೀಕರು ಗುಜರಿಗೆ ಹಾಕಿದ್ದರು, ಕಪಾಟು ಅಸಹ್ಯವಾಗಿ ಕಾಣುತ್ತದೆಂದು.

ಗಲಾಟೆ ಕೇಳಿ ಮಾಲೀಕರೇ ತಮ್ಮ ಕೋಣೆಯಿಂದ ಹೊರಬಂದು ತಮ್ಮ ಹೊಳೆಯುವ ಫೋನನ್ನು ಅತ್ತೆಯ ಮುಂದೆ ಹಿಡಿದರು. "ಅಷ್ಟೇನಾ ಅಮ್ಮ? ಇದರಲ್ಲಿ ಒತ್ತಿ, ಮುಗೀತು."

ಮುಗಿಯಿತಂತೆ!

ಅತ್ತೆ ಫೋನು ಮುಟ್ಟಲಿಲ್ಲ. "ನಮ್ಮಣ್ಣನ ಮಗಳು ಇಲ್ಲಿದಾಳೆ, ನನಗೆ ಆಯ್ತು. ಡಯಾಲಿಸಿಸ್‌ನಲ್ಲಿ ನನ್ನ ಪಕ್ಕದ ಹಾಸಿಗೆಯವಳದೂ ಇಂಥದೇ ಫೋನು. ಅವಳ ಮನೆಗೂ ಹೋಗಿ ಹಿಡೀತೀರಾ ಇದನ್ನ?"

ಫೋನು ಜೇಬು ಸೇರಿತು. "ಸೋಮವಾರ ಸರಿ ಮಾಡಿಸೋಣ."

"ಅಲ್ಲೀವರೆಗೆ ರಕ್ತ ಕಾಯುತ್ತಾ ಸಾರ್?" ಎಂದೆ.

ಉತ್ತರಕ್ಕೆ ನಾನು ಕಾಯಲಿಲ್ಲ. ತೆಗೆದಿದ್ದ ಸಾಲನ್ನು ಮತ್ತೆ ಬರೆದು, ಮಾಲೀಕರ ಕಣ್ಣೆದುರೇ ಸೈಟಿಗೆ ಏರಿಸಿದೆ. ಅತ್ತೆಯ ಫೋನಿನಲ್ಲಿ ಸಪ್ಪೆ ನೀಲಿ ಬಟನ್ ಮೂಡಿತು.

"ಥೂ, ಎಷ್ಟು ಕೆಟ್ಟದಾಗಿದೆ," ಎಂದ ಡಿಸೈನರ್.

"ನೀನೇನು ಅದನ್ನ ಮದುವೆ ಆಗ್ಬೇಕೇನಪ್ಪ?" ಎನ್ನುತ್ತ ಅತ್ತೆ ಒತ್ತಿದರು. ನಾಳೆಯ ಹಾಸಿಗೆ ಸಿಕ್ಕಿತು.

ಬಟನ್ ಈಗ ಕಾಣುತ್ತದೆಂದು ಹೇಳಲು ಕೂಡಲೇ ಪಕ್ಕದ ಹಾಸಿಗೆಯವಳಿಗೆ ಫೋನು ಮಾಡಿದರು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅತ್ತೆ ಡಿಸೈನರನ ಮುಖವನ್ನೇ ನೋಡುತ್ತ ಮತ್ತೆ ಮಾಡಿದರು.