ಒಂದು ಹೆಚ್ಚಿನ ಪುಟ

ಹಾಡುವ ಹೊತ್ತಿನಲ್ಲಿ ಭಾಗವತರ ಕೈಗಳು ಅವರದಾಗಿ ಉಳಿಯುವುದಿಲ್ಲ. ಎಡಗೈಯ ಹೆಬ್ಬೆರಳಿಗೆ ಜಾಗಟೆ ತೂಗುತ್ತಿರುತ್ತದೆ, ಬಲಗೈಯಲ್ಲಿ ಕೋಲು. ಮೂಗಿನ ಮೇಲೆ ನೊಣ ಕೂತರೂ ಪದ ಮುಗಿಯುವವರೆಗೆ ಸಹಿಸಿಕೊಳ್ಳಬೇಕು. ಸೂರಯ್ಯ ಭಾಗವತರ ಪಕ್ಕದಲ್ಲಿ ಮದ್ದಳೆ ಹಿಡಿದು ಕೂತು ನಾನು ಆ ಕೈಗಳನ್ನು ನೋಡಿದಷ್ಟು ಅವರ ಮುಖವನ್ನು ನೋಡಿದವನಲ್ಲ. ಅವರ ಎದುರಿಗೆ ಪ್ರಸಂಗದ ಪುಸ್ತಕವೊಂದು ಇರುತ್ತಿತ್ತು, ಅದೂ ಸಂಪ್ರದಾಯಕ್ಕೆ. ಬಿಡಿಸಿದ್ದನ್ನು ಕಂಡವರಿಲ್ಲ. ಇಡೀ ಪ್ರಸಂಗ ಅವರ ನಾಲಿಗೆಯ ತುದಿಯಲ್ಲಿತ್ತು.

ನಮ್ಮ ಪೇಟೆಯ ತಾಳಮದ್ದಳೆಗೆ ಆಗ ದೊಡ್ಡ ಹೆಸರು. ಯಕ್ಷಗಾನದ ಕಥೆಯೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಹಾಡುಗಳನ್ನು, ಅಂದರೆ ಪದಗಳನ್ನು, ಹಾಡಬೇಕು, ಎದುರು ಕೂತ ಅರ್ಥಧಾರಿಗಳು ಆ ಪದ ಹಿಡಿದು ಪಾತ್ರವಾಗಿ ಮಾತು ಕಟ್ಟಬೇಕು. ಭಾಗವತರು ಹಾಡಿದ್ದೇ ಕಥೆ. ಅವರು ತಾಯಿಯ ಪದ ಎತ್ತಿಕೊಂಡರೆ ತಾಯಿ ಮಾತಾಡಬೇಕು, ಮಗನ ಪದವಾದರೆ ಮಗ. ಅವರ ಮಾತಿಗೆ ಮೇಲ್ಮನವಿ ಇಲ್ಲ.

ಹೊಟ್ಟೆಪಾಡಿಗೆ ನನಗೊಂದು ಸಣ್ಣ ಅಂಗಡಿಯಿತ್ತು. ಮದುವೆಯ ಕರೆಯೋಲೆ, ಸಂಘಗಳ ವರದಿ, ಕಾಲೇಜು ಮಕ್ಕಳ ಪ್ರಬಂಧ, ಇಂಥವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಪುಟ ಕಟ್ಟಿಕೊಡುವ ಕೆಲಸ. ಒಂದು ಮಧ್ಯಾಹ್ನ ಭಾಗವತರ ಹೆಂಡತಿ ಸುಮತಿಯಕ್ಕ ಕೊಡೆ ಮಡಚಿಕೊಂಡು ಅಲ್ಲಿಗೆ ಬಂದರು. ಅವರು ಅಂಗಡಿಗೆ ಬಂದದ್ದು ಅದೇ ಮೊದಲು.

"ನಿಂಗೆ ಗೊತ್ತುಂಟು ಅಂತ ನಂಗೆ ಗೊತ್ತುಂಟು," ಎಂದರು, ಕೂರುವ ಮೊದಲೇ. "ಪಕ್ಕದಲ್ಲೇ ಕೂತ್ಕೊಳ್ಳುವವ ನೀನು. ಇವರಿಗೆ ಪದ ಮರೀತಾ ಉಂಟು."

ಗೊತ್ತಿತ್ತು. ಒಂದು ನುಡಿ ಹಾರಿಹೋಗುವುದು, ಹಾಡಿದ ಸಾಲೇ ಮತ್ತೆ ಬರುವುದು, ಎಲ್ಲ ನನ್ನ ಕಿವಿಗೆ ಬಿದ್ದಿತ್ತು. ಸಭೆಗೆ ಗೊತ್ತಾಗಿಲ್ಲವೆಂದು ನಾನು ನಂಬಿದ್ದೆ. ಸುಮತಿಯಕ್ಕನೂ ಹಾಗೇ ನಂಬಿದ್ದರು.

"ಬರುವ ತಿಂಗಳು ತಾಳಮದ್ದಳೆ ಸಂಘದವರು ಸನ್ಮಾನ ಮಾಡ್ತಾರಂತೆ. ಆ ದಿನ ಇವರದ್ದೇ ಹಾಡು. ಇವರಿಗೆ ನಿದ್ರೆ ಇಲ್ಲ ಮಾರಾಯ. ಅಷ್ಟು ಜನರ ಎದುರು ನಿಂತುಹೋದ್ರೆ ಇವರು ಮತ್ತೆ ಬದುಕುದಿಲ್ಲ."

"ಪುಸ್ತಕ ನೋಡಿ ಹಾಡ್ಲಿ ಅಕ್ಕ. ಅದ್ರಲ್ಲಿ ಎಂತ ಉಂಟು?"

"ಹಳೇ ಪುಸ್ತಕದ ಅಕ್ಷರ ಇರುವೆಯ ಹಾಗೆ. ದೊಡ್ಡದು ಮಾಡಿದ್ರೆ ಪದದ ಮಧ್ಯದಲ್ಲಿ ಪುಟ ತಿರುಗಿಸ್ಬೇಕು. ಕೈ ಎಲ್ಲಿಂದ ತರುದು? ಬೇರೆಯವರು ಕೂತು ತಿರುಗಿಸಿದ್ರೆ ಊರಿಗೆಲ್ಲ ಗೊತ್ತಾಗುದಿಲ್ಲವಾ?"

ಆಗ ನನಗೆ ಹೊಳೆದದ್ದು ಇದು. ಅಕ್ಷರ ದೊಡ್ಡದು ಮಾಡಿದರೆ ಒಂದೊಂದು ಪದ ಸರಿಯಾಗಿ ಎರಡು ಪುಟ ಹಿಡಿಯುತ್ತದೆ. ಎಡಪುಟದ ತಲೆಯಲ್ಲಿ ಶುರುವಾಗಿ ಬಲಪುಟದ ಬುಡದಲ್ಲಿ ಮುಗಿದರೆ, ಪುಸ್ತಕ ಬಿಡಿಸಿದಾಗ ಇಡೀ ಪದ ಒಂದೇ ನೋಟಕ್ಕೆ ಸಿಗುತ್ತದೆ. ತಿರುಗಿಸುವುದು ಪದ ಮುಗಿದ ಮೇಲೆ, ಅರ್ಥಧಾರಿ ಮಾತಾಡುವಾಗ. ಆಗ ಕೈ ಬಿಡುವಾಗಿಯೇ ಇರುತ್ತದೆ. ಹಾಳೆಯ ಎರಡೂ ಬದಿ ಮುದ್ರಿಸಬೇಕು, ಮುಂದೆ ಚಪ್ಪಟೆಯಾಗಿ ಮಲಗುವಂತೆ ಸುರುಳಿ ತಂತಿಯ ಬೈಂಡಿಂಗ್ ಮಾಡಿಸಬೇಕು. ತಂತಿಗೆ ತೂತು ಹೊಡೆಯುವ ಕಡೆ ಅಂಚು ಅಗಲ ಬಿಡಬೇಕು. ಬಲಪುಟಕ್ಕೆ ಆ ಅಂಚು ಎಡಕ್ಕೆ, ಎಡಪುಟಕ್ಕೆ ಬಲಕ್ಕೆ. ಯಾವ ಪುಸ್ತಕವಾದರೂ ಮೊದಲ ಪುಟ ಬಲಗಡೆಗೇ ಬರುವುದರಿಂದ ಅಲ್ಲಿ ಪ್ರಸಂಗದ ಹೆಸರು ಮಾತ್ರ ಹಾಕಿದೆ. ಅದರ ಬೆನ್ನಿನಿಂದ ಮೊದಲ ಪದ ಶುರು. ಸಾಲು ಹಿಗ್ಗಿಸಿ, ಕುಗ್ಗಿಸಿ, ಒಂದು ಪದವೂ ತನ್ನ ಜೋಡಿಪುಟದಿಂದ ಹೊರಗೆ ಕಾಲು ಚಾಚದ ಹಾಗೆ ಕಟ್ಟಿದೆ. ನನ್ನ ಜನ್ಮದಲ್ಲಿ ಅಷ್ಟು ಮುತುವರ್ಜಿಯಿಂದ ಪುಟ ಕಟ್ಟಿದ್ದು ಬೇರೆ ಇಲ್ಲ.

ಸಂಘದ ಅಧ್ಯಕ್ಷ ದಾಮೋದರ ಕಿಣಿಯವರಿಗೆ, ಭಾಗವತರ ಕಣ್ಣು ಮಂಜಾಗಿದೆ, ದೊಡ್ಡಕ್ಷರದ ಪ್ರಸಂಗ ಪುಸ್ತಕವನ್ನೇ ಸನ್ಮಾನದಲ್ಲಿ ಕೊಡಿ ಎಂದೆ. ಸನ್ಮಾನದ ಪುಸ್ತಕವನ್ನು ಅಲ್ಲೇ ಬಿಡಿಸಿಟ್ಟು ಹಾಡಿದರೆ ಯಾರಿಗೂ ಸಂಶಯ ಬಾರದೆಂಬುದು ನನ್ನ ಲೆಕ್ಕ. ಅವರಿಗೆ ಬಹಳ ಇಷ್ಟವಾಯಿತು. "ನಮ್ಮ ಪ್ರೆಸ್ಸಿನವರೇ ಇದ್ದಾರಲ್ಲ, ನೀವು ಫೈಲ್ ಕೊಡಿ ಸಾಕು. ವೇದಿಕೆಯಲ್ಲೇ ಬಿಡುಗಡೆ ಮಾಡುವಾ," ಎಂದರು.

ಆ ತಿಂಗಳಿಡೀ ಸಂಜೆ ಹೊತ್ತು ಭಾಗವತರ ಮನೆಯಲ್ಲಿ ಅಭ್ಯಾಸ ನಡೆಯಿತು. ಒಂದೇ ಬದಿ ಮುದ್ರಿಸಿದ ಬಿಡಿ ಹಾಳೆಗಳನ್ನು ನಾನು ಎರಡೆರಡಾಗಿ ಅವರ ಮುಂದೆ ಜೋಡಿಸಿ ಇಡುತ್ತಿದ್ದೆ. ಜಾಗಟೆ ಎತ್ತುವ ಮೊದಲು ಕಣ್ಣು ಎಡಗಡೆಯ ಮೇಲ್ತುದಿಗೆ ಹೋಗಬೇಕು ಎಂಬುದೊಂದನ್ನೇ ಅವರಿಗೆ ಮತ್ತೆ ಮತ್ತೆ ಹೇಳಿದೆ. ಮೊದಮೊದಲು ರೇಗಿದರು. "ಎಷ್ಟು ವರ್ಷ ಹಾಡಿದವ ನಾನು, ಈಗ ನೀನು ಬಾಲಪಾಠ ಮಾಡ್ತಿಯಾ?" ಆಮೇಲೆ ಅಭ್ಯಾಸವಾಯಿತು. ಕಡೆಯ ವಾರ ಒಂದೂ ಪದ ತಪ್ಪಲಿಲ್ಲ. ಕೊನೆಯ ಸಂಜೆ ಸುಮತಿಯಕ್ಕ ನಮಗೆ ಪಾಯಸ ಮಾಡಿ ಬಡಿಸಿದರು. ಭಾಗವತರು ನಗುನಗುತ್ತ ಎರಡು ಸಲ ಹಾಕಿಸಿಕೊಂಡರು. ಬಹಳ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ನನಗೆ ಸಂತೋಷವಾಗಿತ್ತು.

ಸನ್ಮಾನ ನಡೆದದ್ದು ಭಾನುವಾರ ಮಧ್ಯಾಹ್ನ, ಪೇಟೆಯ ಸಭಾಭವನದಲ್ಲಿ. ಕೂರಲು ಜಾಗವಿಲ್ಲದೆ ಜನ ಕಿಟಕಿಯ ಹೊರಗೂ ನಿಂತಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು. ಕಿಣಿಯವರು ಬಣ್ಣದ ಕಾಗದ ಬಿಚ್ಚಿ ಪುಸ್ತಕವನ್ನು ಎತ್ತಿ ತೋರಿಸಿದರು. ಚಪ್ಪಾಳೆ ಬಿತ್ತು. ಅದನ್ನು ಹಾಗೆಯೇ ತಂದು ಭಾಗವತರ ಮುಂದಿಟ್ಟು, ಶುಭವಾಗಲಿ ಎಂದರು. ಬಿಡಿ ಹಾಳೆಗಳು ಮನೆಯಲ್ಲಿದ್ದವು. ಹೊಸ ಪುಸ್ತಕ ಬರುವಾಗ ಅವನ್ನು ಯಾರು ಹೊತ್ತು ತರುತ್ತಾರೆ?

ಪ್ರಸಂಗ ಕಾಂತಿಸೇನ ಎಂಬ ರಾಜನದು. ಚಾಡಿಮಾತು ನಂಬಿ ಹೆತ್ತ ತಾಯಿಯನ್ನೇ ಕಾಡಿಗಟ್ಟುವ ಕಥೆ. ಮೊದಲ ಪದ ರಾಜನ ಒಡ್ಡೋಲಗದ್ದು. ಅದು ಭಾಗವತರಿಗೆ ಕಣ್ಣುಮುಚ್ಚಿದರೂ ಬರುವ ಪದ, ಪುಸ್ತಕದ ಕಡೆ ನೋಡದೆಯೇ ಸಲೀಸಾಗಿ ಹಾಡಿದರು. ರಾಜನ ಪಾತ್ರದವರು ಮಾತಿಗೆ ತೊಡಗಿದರು. ಭಾಗವತರು ಹಾಳೆ ತಿರುಗಿಸಿದರು. ನಾನು ಪಕ್ಕದಿಂದ ಬಗ್ಗಿ ನೋಡಿದೆ. ತಂತಿಯ ತೂತುಗಳು ಅಂಚಿನಲ್ಲಿರಲಿಲ್ಲ. ಬಲಪುಟದ ಪ್ರತಿ ಸಾಲಿನ ಮೊದಲ ಅಕ್ಷರವನ್ನು ತಿಂದುಹಾಕಿದ್ದವು. ಎಡಪುಟದಲ್ಲಿದ್ದದ್ದು ಈಗಷ್ಟೇ ಹಾಡಿ ಮುಗಿಸಿದ ಪದದ ಬಾಲ. ಮುಂದಿನ ಪದದ ತಲೆ ಬಲಪುಟದಲ್ಲಿತ್ತು. ಶುರುವಿನಲ್ಲೇ ಎಲ್ಲೋ ಒಂದು ಪುಟ ಹೆಚ್ಚಾಗಿ ಸೇರಿಕೊಂಡು, ಕೊನೆಯತನಕ ಪ್ರತಿ ಪದವನ್ನೂ ಅರ್ಧಕ್ಕೆ ಸೀಳಿತ್ತು.

ಮೈಕಿಗೆ ಕೇಳಿಸದ ಹಾಗೆ ಬಗ್ಗಿ ಪಿಸುಗುಟ್ಟಿದೆ. "ಭಾಗವತ್ರೇ, ಪುಟ ಜಾರಿದೆ. ಬಲಗಡೆಯಿಂದ ಶುರು ಮಾಡಿ."

ಅವರು ತಲೆಯಾಡಿಸಿದರು. ಅರ್ಥವಾಯಿತೆಂದು ನಾನು ಅಂದುಕೊಂಡೆ. ಆದರೆ ಜಾಗಟೆ ಎತ್ತುವ ಹೊತ್ತಿಗೆ ಕಣ್ಣು ಎಡಗಡೆಯ ಮೇಲ್ತುದಿಗೇ ಹೋಯಿತು. ತಿಂಗಳಿಡೀ ಅಲ್ಲಿಗೇ ಹೋಗಿ ಅಭ್ಯಾಸವಾದ ಕಣ್ಣು ಅದು. ಬಲಗಡೆಯಿಂದ ತೊಡಗಿದ್ದರೂ ನಡುವೆ ಹಾಳೆ ತಿರುಗಿಸಲು ಅವರ ಕೈ ಬಿಡುವಿರಲಿಲ್ಲ, ನನ್ನದೂ ಮದ್ದಳೆಯ ಮೇಲಿತ್ತು.

ಒಡ್ಡೋಲಗದ ತುಂಡಿಗೆ ರಾಜನ ಸಿಟ್ಟಿನ ತುಂಡು ಅಂಟಿಕೊಂಡು ಬಂತು. ಅದು ಹೇಗೋ ದಾಟಿತು. ಅದರ ಮುಂದಿನದು ತಾಯಿಯ ಸರದಿ. ಎಡಪುಟದಲ್ಲಿ ರಾಜ ತಾಯಿಗೆ ಹೇಳುವ "ಮರಳಿ ಮೊಗ ತೋರದಿರು, ಕಾಡೆ ನಿನಗಿನ್ನು ನೆಲೆ", ಬಲಪುಟದಲ್ಲಿ ತಾಯಿ ಅಂಗಲಾಚುವ "ಮಗನೆ ನೀನಾಡಿದುದ ಮನಸಿನೊಳಗೊರೆದು ನೋಡು". ಎರಡನ್ನೂ ಒಂದೇ ಉಸಿರಿನಲ್ಲಿ ಹಾಡಿ ಭಾಗವತರು ತಾಯಿಯ ಪಾತ್ರದ ಪದ್ಮನಾಭ ತುಂಗರ ಕಡೆ ಕೋಲು ತೋರಿಸಿಬಿಟ್ಟರು.

ತುಂಗರು ಮಾತಿನ ಮಲ್ಲ. ನಿಧಾನವಾಗಿ ತಲೆಯೆತ್ತಿದರು. "ಮಗನೇ, ನಿನ್ನ ಬಾಯಿಗೆ ಬರಲಿರುವ ಮಾತನ್ನು ನಾನೇ ಮೊದಲು ಆಡಿಬಿಟ್ಟೆ. ಆಶ್ಚರ್ಯವೇ? ನಿನಗೆ ಮಾತು ಕಲಿಸಿದವಳೇ ನಾನು. ಕಾಡಿಗೆ ಹೋಗೆಂಬ ಮಾತು ನಿನ್ನ ನಾಲಿಗೆಯನ್ನು ಸುಡದಿರಲೆಂದು ನನ್ನ ನಾಲಿಗೆಗೆ ತಂದುಕೊಂಡೆ. ಈಗ ಹೇಳು, ಇದನ್ನು ನೀನು ಆಡಬಲ್ಲೆಯಾ?"

ಸಭೆ ಕುಣಿದುಹೋಯಿತು. ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಪ್ರತಿ ಪದವೂ ಹಾಗೇ. ಕಳಿಸುವ ಮೊದಲೇ ದೂತ ಬಂದ. ಮಂತ್ರಿಯ ಬಾಯಲ್ಲಿ ರಾಣಿಯ ಅಳು ಬಂತು. ಅರ್ಥಧಾರಿಗಳು ಒಬ್ಬರಿಗಿಂತ ಒಬ್ಬರು ಮೇಲಾಗಿ ಅದಕ್ಕೆಲ್ಲ ಅರ್ಥ ಹುಟ್ಟಿಸಿದರು. ಇಂಥ ಕೂಟ ಹಿಂದೆ ಆಗಿಲ್ಲವೆಂದು ಜನ ಪಕ್ಕದವರ ತೊಡೆ ತಟ್ಟಿ ಹೇಳುತ್ತಿದ್ದರು. ನನ್ನ ಪಕ್ಕದಲ್ಲಿ ಮಾತ್ರ ಸ್ವರ ಸಣ್ಣದಾಗುತ್ತ ಬಂತು. ಜಾಗಟೆಯ ಪೆಟ್ಟು ತಪ್ಪಲಿಲ್ಲ, ಆದರೆ ಕೋಲು ಹಿಡಿದ ಬೆರಳು ಬೆಳ್ಳಗಾಗಿತ್ತು. ಅವರಿಗೆ ಎಲ್ಲ ತಿಳಿಯುತ್ತಿತ್ತು. ತಪ್ಪೆಂದು ತಿಳಿದೂ ಸರಿ ಯಾವುದೆಂದು ನೆನಪಾಗದವನ ಸಂಕಟ ಅದು. ಅದಕ್ಕಿಂತ ದೊಡ್ಡ ಸಂಕಟವನ್ನು ನಾನು ಹತ್ತಿರದಿಂದ ಕಂಡಿಲ್ಲ.

ಮಂಗಳ ಹಾಡಿ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಗೆ ತುಂಗರು ಬೆವರೊರೆಸುತ್ತ ಬಂದು ಭಾಗವತರ ಕಾಲು ಮುಟ್ಟಿದರು. "ಇವತ್ತು ನಮ್ಮನ್ನು ಚೆನ್ನಾಗಿ ಪರೀಕ್ಷೆ ಮಾಡಿದ್ರಿ ಭಾಗವತ್ರೇ!"

"ತುಂಗರೇ, ನಿಜ ಹೇಳಿ," ಎಂದರು ಭಾಗವತರು. "ನಾನು ತಪ್ಪುದು, ನೀವು ಹೊಲಿದು ಸರಿ ಮಾಡುದು, ಇದು ಇವತ್ತೇ ಮೊದಲಾ?"

ತುಂಗರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಎರಡು ವರ್ಷ ಆಯ್ತು," ಎಂದರು ತುಂಗರು ಕೊನೆಗೆ. "ನಾವೆಲ್ಲ ಮಾತಾಡಿಕೊಂಡೇ ಕೂರುದು. ಎಲ್ಲ ನಿಮ್ಮ ಮೇಲಿನ ಗೌರವಕ್ಕೆ."

ಬಾಗಿಲಲ್ಲಿ ನಿಂತಿದ್ದ ಸುಮತಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಗುಟ್ಟೆಂದು ನಾವು ಕಾದದ್ದು ಯಾವತ್ತೋ ಅರ್ಥಧಾರಿಗಳೆಲ್ಲರ ಗುಟ್ಟಾಗಿತ್ತು.

"ಕುರುಡನಿಗೆ ಕೈ ಹಿಡಿದು ದಾರಿ ತೋರಿಸಿದ್ರೆ ಅದು ಗೌರವ," ಎಂದರು ಭಾಗವತರು. "ಅವ ಹೋದಲ್ಲಿಯೇ ದಾರಿ ಅಂತ ಚಪ್ಪಾಳೆ ತಟ್ಟುದು ಎಂತ ಗೌರವ?"

"ತಪ್ಪು ಪುಸ್ತಕದ್ದು ಭಾಗವತ್ರೇ. ಪುಟ ಜಾರಿದೆ," ಎಂದೆ ನಾನು.

"ಪುಸ್ತಕ ಇವತ್ತಿನದ್ದು ಮಾರಾಯ. ಎರಡು ವರ್ಷ ಜಾರಿದ್ದು ಯಾವ ಪುಟ?"

ಆ ಹಾಳು ಪುಟ ಯಾವುದೆಂದು ನೋಡಲು ಪುಸ್ತಕವನ್ನು ಅಂಗಡಿಗೆ ತಂದೆ. ಹೆಸರಿನ ಪುಟದ ಬೆನ್ನಿಗೇ ಅದು ಕೂತಿತ್ತು, ಚಂದದ ಬಳ್ಳಿಯ ಚೌಕಟ್ಟಿನೊಳಗೆ. ಅಧ್ಯಕ್ಷರ ಶುಭಸಂದೇಶ. ಕಿಣಿಯವರು ಕಡೆಗಳಿಗೆಯಲ್ಲಿ ಪ್ರೆಸ್ಸಿಗೆ ಹೋಗಿ ಪ್ರೀತಿಯಿಂದಲೇ ಸೇರಿಸಿದ್ದರು. 'ಪುಸ್ತಕದ ಹಂಗಿಲ್ಲದ, ಅಳಿವಿಲ್ಲದ ನೆನಪಿನ ನಮ್ಮ ಸೂರಯ್ಯ ಭಾಗವತರಿಗೆ' ಎಂದು ಅದು ತೊಡಗುತ್ತಿತ್ತು. ನನಗೆ ನಗಬೇಕೋ ಕಿಣಿಯವರ ಮನೆಗೆ ಹೋಗಿ ಜಗಳ ಕಾಯಬೇಕೋ ತಿಳಿಯಲಿಲ್ಲ. ಒಂದು ಹಾಳೆಯನ್ನೇ ಸೇರಿಸಿದ್ದರೆ ಏನೂ ಆಗುತ್ತಿರಲಿಲ್ಲ. ಹಾಳೆಗೆ ಎರಡು ಬದಿ. ಅದರ ನಂತರದ ಪದಗಳು ತಮ್ಮ ಜೋಡಿ ಬಿಟ್ಟು ಕದಲುತ್ತಿರಲಿಲ್ಲ. ಸೇರಿಸಿದ್ದು ಒಂದೇ ಪುಟ, ಅದೂ ಹೊಗಳಿಕೆಯ ಪುಟ.

ಭಾಗವತರು ಹಾಡುವುದನ್ನು ಬಿಟ್ಟರು. ಕರೆಯಲು ಬಂದವರಿಗೆ ಸುಮತಿಯಕ್ಕ ಮಂಡಿನೋವಿನ ನೆವ ಹೇಳುತ್ತಿದ್ದರು. ನಾನು ಹೋದರೂ ಮಾತು ಮಳೆಬೆಳೆಯ ಆಚೆಗೆ ಹೋಗುತ್ತಿರಲಿಲ್ಲ. ಹಾಡದ ಭಾಗವತರು ಆ ಮನೆಯಲ್ಲಿ ಯಾರೋ ನೆಂಟರಂತೆ ಕಾಣುತ್ತಿದ್ದರು. ನನ್ನಿಂದ ಅದನ್ನು ನೋಡಲಾಗಲಿಲ್ಲ. ಶುಭಸಂದೇಶವನ್ನು ತೆಗೆದುಹಾಕುವ ಮನಸ್ಸಿತ್ತು, ಆದರೆ ಹಾರೈಸಿದವರ ಮಾತನ್ನು ಹರಿಯುವುದು ಸರಿಯೆನಿಸಲಿಲ್ಲ. ಅದರ ಜೊತೆಗೆ ಒಂದು ಖಾಲಿ ಪುಟ ಸೇರಿಸಿದೆ. ಪದಗಳೆಲ್ಲ ತಮ್ಮ ತಮ್ಮ ಜೋಡಿಗೆ ಮರಳಿದವು, ಅಂಚು ಅಂಚಿನ ಜಾಗಕ್ಕೆ ಬಂತು. ಹೊಸದಾಗಿ ಮುದ್ರಿಸಿ, ತೂತು ಹೊಡೆಸಿ, ಒಂದು ಬೆಳಿಗ್ಗೆ ಕೊಂಡುಹೋಗಿ ಅವರ ಮುಂದಿಟ್ಟೆ.

ಅವರು ಪುಟ ಮಗುಚಿ ನೋಡಿದರು. ಕೊನೆಗೆ, "ಒಂದು ಷರತ್ತು ಉಂಟು," ಎಂದರು.

"ಹೇಳಿ."

"ನಾನು ತಪ್ಪಿದ್ರೆ ನೀನು ಮದ್ದಳೆ ನಿಲ್ಲಿಸ್ಬೇಕು. ಅಲ್ಲಿಗೇ. ಇಲ್ಲದ್ರೆ ಈ ಪುಸ್ತಕ ತೆಕ್ಕೊಂಡು ಈಗಲೇ ಹೋಗು."

ಅವರ ಮನೆಯಲ್ಲೇ ಇದ್ದ ಹಳೆಯ ಮದ್ದಳೆ ತೆಗೆದು ಶ್ರುತಿ ಮಾಡಿಕೊಂಡೆ. ಭಾಗವತರು ತಾಯಿಯ ಪದವನ್ನೇ ಎತ್ತಿಕೊಂಡರು. ಎಡಪುಟ ಸರಿಯಾಗಿ ಬಂತು. ಬಲಪುಟದ ನಡುವಿನಲ್ಲಿ ಕಣ್ಣು ಒಂದು ಸಾಲು ಹಾರಿತು. ಹಾಡು ಮುಂದೆ ಹೋಯಿತು, ಇಂಪಾಗಿಯೇ ಹೋಯಿತು. ಕೇಳುವವರಿಗೆ ಏನೂ ತಿಳಿಯುತ್ತಿರಲಿಲ್ಲ. ಭಾಗವತರ ಹಾಡನ್ನು ಮದ್ದಳೆಗಾರ ನಡುವೆ ತಡೆದದ್ದನ್ನು ನಾನು ಕೇಳಿದವನಲ್ಲ. ಆದರೂ ತಾಳದ ಆ ಸುತ್ತು ಮುಗಿಯುವುದನ್ನೂ ಕಾಯದೆ ಮದ್ದಳೆಯನ್ನು ಅಂಗೈಯಿಂದ ಒತ್ತಿ ಹಿಡಿದೆ.

ಜಾಗಟೆ ಒಂಟಿಯಾಗಿ ಒಂದು ಪೆಟ್ಟು ಬಡಿದು ಸುಮ್ಮನಾಯಿತು. ಭಾಗವತರು ನನ್ನನ್ನು ದುರುಗುಟ್ಟಿ ನೋಡಿದರು. ಸದ್ದು ನಿಂತದ್ದು ಕೇಳಿ ಅಡುಗೆಮನೆಯಿಂದ ಸುಮತಿಯಕ್ಕ ಓಡಿಬಂದರು, ಕೈಯಲ್ಲಿ ಅರೆಯುತ್ತಿದ್ದ ಅಕ್ಕಿಯ ಹಿಟ್ಟು.

"ಎಂತಾಯ್ತು?"

"ತಪ್ಪಿದೆ ಮಾರಾಯ್ತಿ," ಎಂದರು ಭಾಗವತರು. ಹೆಂಡತಿಗೆ ನೇರವಾಗಿ ಆ ಮಾತು ಹೇಳಿದ್ದು ಅದೇ ಮೊದಲಿರಬೇಕು. ಸುಮತಿಯಕ್ಕನ ಕಣ್ಣು ತುಂಬಿತು. "ಇವ ನಿಲ್ಲಿಸಿದ. ಎಲ್ಲಿ ತಪ್ಪಿದೆ ಅಂತ ನಂಗೆ ಸಿಕ್ಕುದಿಲ್ಲ. ನೀನು ನೋಡು."

ಅವರು ಕೈ ತೊಳೆಯಲಿಲ್ಲ. ಗಂಡನ ಮಗ್ಗುಲಲ್ಲಿ ಕೂತು, ಪುಸ್ತಕದ ಮೇಲೆ ಬಾಗಿ, ತುಟಿಯಲ್ಲೇ ಓದುತ್ತ ಓದುತ್ತ ಹಾರಿಹೋದ ಸಾಲನ್ನು ಹುಡುಕಿ ಹಿಡಿದು, ಅದರ ಕೆಳಗೆ ಹಿಟ್ಟಿನ ಬೆರಳಿಟ್ಟರು. ಭಾಗವತರು ಕನ್ನಡಕ ಸರಿಮಾಡಿಕೊಂಡು ಆ ಬಿಳಿ ಬೆರಳನ್ನು ನೋಡಿ, ಅಲ್ಲಿಂದ ಹಾಡಿದರು. ಸಾಲು ಮುಗಿದಂತೆ ಬೆರಳು ಕೆಳಗಿನ ಸಾಲಿಗೆ ಇಳಿಯಿತು.